ಕಸ ಬೇರ್ಪಡಿಸುವ ಪಾಠ ಯಾವ ಭಾಷೆಯಲ್ಲಿ? ಪೆರಿಯನಾಯಕನಪಾಳ್ಯಂನಿಂದ ಕಾಸರಗೋಡಿನವರೆಗೆ ಒಂದೇ ಪ್ರಶ್ನೆ

ಕೇಂದ್ರ ಸರಕಾರ ಪ್ರಕಟಿಸಿದ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಜಾರಿಯ ದಿನಾಂಕ 2026ರ ಏಪ್ರಿಲ್ 1. ಇದಕ್ಕೆ ಮುಂಚೆ ಇದ್ದ 2016ರ ನಿಯಮಗಳು ಮನೆಯ ಕಸವನ್ನು ಮೂರು ಬಗೆಯಾಗಿ ವಿಂಗಡಿಸಬೇಕೆಂದು ಹೇಳಿದ್ದವು. ಹೊಸ ನಿಯಮಗಳಲ್ಲಿ ಬಗೆಗಳು ನಾಲ್ಕು: ಹಸಿ ಕಸ, ಒಣ ಕಸ, ಡೈಪರ್ ಮತ್ತು ಮುಟ್ಟಿನ ಪ್ಯಾಡುಗಳಂತಹ ನೈರ್ಮಲ್ಯ ತ್ಯಾಜ್ಯ, ಹಾಗೂ ಹಳೆಯ ಔಷಧಿ, ಬಲ್ಬು, ಬಣ್ಣದ ಡಬ್ಬಿಗಳಂತಹ ವಿಶೇಷ ಎಚ್ಚರಿಕೆ ಬೇಡುವ ತ್ಯಾಜ್ಯ. ವಿಂಗಡಣೆಯ ಮೊದಲ ಹೊಣೆ ಮನೆಯವರದೇ ಎಂಬುದು ಹಳೆಯ ನಿಯಮದಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ.

ಈ ವಿಷಯ ಭಾಷಾ ಅಲ್ಪಸಂಖ್ಯಾತರ ಸುದ್ದಿತಾಣಕ್ಕೆ ಏಕೆ ಬಂತು ಎಂದು ಹೆತ್ತವರು ಕೇಳಬಹುದು. ಕಾರಣ ಸರಳವಾಗಿದೆ. ನಿಯಮ ದೆಹಲಿಯದು, ಅದರ ಸೂಚನೆ ಮಾತ್ರ ನಮ್ಮ ಮನೆಬಾಗಿಲಿಗೆ ತಮಿಳಿನಲ್ಲಿಯೋ ಮಲಯಾಳದಲ್ಲಿಯೋ ಬರುತ್ತದೆ. ಶಾಲೆಯ ಪಾಠ ಕನ್ನಡದಲ್ಲಿ ನಡೆಯುತ್ತದೆ. ಅಡುಗೆಮನೆಯಲ್ಲಿ ಕೈಯಾಡಿಸುವ ಅಜ್ಜಿಗೆ ಗೊತ್ತಿರುವುದು ಆಡುಮಾತಿನ ಕನ್ನಡ. ಈ ಮೂರು ಒಂದಕ್ಕೊಂದು ಹೊಂದದಿದ್ದಾಗ ಕಸ ತಪ್ಪು ಬುಟ್ಟಿಗೆ ಬೀಳುತ್ತದೆ. ದೋಷ ಮಾತ್ರ ಮನೆಯವರ ‘ಅರಿವಿನ ಕೊರತೆ’ಯ ಮೇಲೆ ಬೀಳುತ್ತದೆ.

ಪೆರಿಯನಾಯಕನಪಾಳ್ಯಂ ಏಕೆ?

ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂಗೆ ಹೋಗುವ ಹೆದ್ದಾರಿಯ ಮೇಲೆ, ಕುರುಡಿಮಲೆಯ ತಪ್ಪಲಿಗೆ ಹತ್ತಿರವಾಗಿ ಪೆರಿಯನಾಯಕನಪಾಳ್ಯಂ ಇದೆ. ಜವಳಿ ಯಂತ್ರಗಳ ಕಾರ್ಖಾನೆಯಿಂದಲೂ, 1930ರಲ್ಲಿ ಟಿ.ಎಸ್. ಅವಿನಾಶಿಲಿಂಗಂ ಅವರು ಆರಂಭಿಸಿದ ರಾಮಕೃಷ್ಣ ಮಿಷನ್ ವಿದ್ಯಾಲಯದಿಂದಲೂ ಈ ಊರು ಪ್ರಸಿದ್ಧವಾಗಿದೆ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜು ಇಲ್ಲಿರುವುದರಿಂದ ಬೋಧನಾ ಕ್ರಮದ ಬಗ್ಗೆ ಮಾತನಾಡಲು ಇದು ತಕ್ಕ ಸ್ಥಳ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ದೇವಾಂಗ ನೇಕಾರರು, ಒಕ್ಕಲಿಗರು ಮೊದಲಾದವರ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಅವರಲ್ಲಿ ಬಹಳ ಮಂದಿಗೆ ಕನ್ನಡ ಲಿಪಿಯ ಪರಿಚಯವಿಲ್ಲ. ಈರೋಡು ಜಿಲ್ಲೆಯ ತಾಳವಾಡಿ, ಕೃಷ್ಣಗಿರಿ ಜಿಲ್ಲೆಯ ಹೊಸೂರು ಭಾಗ, ಕೇರಳದ ಕಾಸರಗೋಡುಗಳ ಸ್ಥಿತಿ ಬೇರೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಉಸಿರಾಡುತ್ತಿವೆ.

ಪೆರಿಯನಾಯಕನಪಾಳ್ಯಂನ ಸುತ್ತಲಿನ ಕಾಡು ಆನೆಗಳ ದಾರಿ. ಇದೇ ಬೆಟ್ಟಸಾಲಿನ ಮರುದಮಲೈ ತಪ್ಪಲಿನಲ್ಲಿ 2025ರ ಮೇ ತಿಂಗಳಲ್ಲಿ ಒಂದು ಹೆಣ್ಣಾನೆ ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಅದು ಗಬ್ಬವಾಗಿದ್ದುದು ತಿಳಿಯಿತು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಆನೆ ಪ್ಲಾಸ್ಟಿಕ್ ತಿನ್ನಬೇಕೆಂದು ಬರುವುದಿಲ್ಲ. ಚೀಲದೊಳಗಿನ ಅನ್ನ, ಹಣ್ಣಿನ ಸಿಪ್ಪೆ, ಉಪ್ಪಿನ ವಾಸನೆಗೆ ಬರುತ್ತದೆ. ಚೀಲವನ್ನು ಬಿಚ್ಚಲು ಅದಕ್ಕೆ ತಿಳಿಯದು. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುವ ಒಂದು ಅಭ್ಯಾಸದ ಬೆಲೆ ಇದು. ಬೇರ್ಪಡಿಸುವುದೆಂದರೆ ಏನು ಎಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತಪ್ಪಲಿನಿಂದ ಕೆಳಗಿಳಿದರೆ ಕೊಯಮತ್ತೂರಿನ ವೆಳ್ಳಲೂರು ಕಸದ ರಾಶಿ. ವರ್ಷಗಳ ಹಳೆಯ ಕಸವನ್ನು ಅಗೆದು ಜರಡಿ ಹಿಡಿಯುವ ಕೆಲಸ ಅಲ್ಲಿ ನಡೆದಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಅಲ್ಲಿ ದೊಡ್ಡ ಬೆಂಕಿ ಎದ್ದಿತು. ತಿರುಪ್ಪೂರಿನಲ್ಲಿ ನಗರದ ಕಸವನ್ನು ಪಾಳುಬಿದ್ದ ಕಲ್ಲು ಕ್ವಾರಿಗಳಿಗೆ ಸುರಿಯುವುದರ ವಿರುದ್ಧ 2025ರಲ್ಲಿ ಸುತ್ತಲಿನ ಹಳ್ಳಿಯವರು ಬೀದಿಗಿಳಿದರು. ದೇಶದ ಚಿತ್ರವೂ ಇದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ವರದಿಯ ಪ್ರಕಾರ ದಿನಕ್ಕೆ ಸುಮಾರು 1.6 ಲಕ್ಷ ಟನ್ ಘನತ್ಯಾಜ್ಯ ಹುಟ್ಟುತ್ತದೆ. ಅದರಲ್ಲಿ ಸಂಸ್ಕರಣೆಯಾಗುವುದು ಸುಮಾರು ಅರ್ಧ ಮಾತ್ರ.

ಗಡಿ ದಾಟುವ ಕಸ

ಗಡಿನಾಡಿನವರಿಗೆ ಇನ್ನೊಂದು ಅನುಭವವೂ ಇದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವೈದ್ಯಕೀಯ ತ್ಯಾಜ್ಯ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಹಳ್ಳಿಗಳಲ್ಲಿ ರಾಶಿ ಬಿದ್ದಿರುವುದು ಬೆಳಕಿಗೆ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ ಕೇರಳದ ಅಧಿಕಾರಿಗಳು ಲಾರಿಗಳನ್ನು ತಂದು ಅದನ್ನು ಹಿಂದಕ್ಕೆ ಒಯ್ದರು. ಒಂದು ರಾಜ್ಯದ ಕಟ್ಟುನಿಟ್ಟು ಪಕ್ಕದ ರಾಜ್ಯದ ಬಯಲಿಗೆ ಭಾರವಾಗಬಹುದು ಎಂಬುದನ್ನು ಈ ಘಟನೆ ತೋರಿಸಿತು. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ರಂದು ಹೊತ್ತಿದ ಬೆಂಕಿ ದಿನಗಟ್ಟಲೆ ನಗರವನ್ನು ಹೊಗೆಯಲ್ಲಿ ಮುಳುಗಿಸಿತ್ತು. ಆ ಬಳಿಕವೇ ಕೇರಳದ ಕಸದ ನೀತಿ ಬಿಗಿಯಾಯಿತು.

ಕಸ ಗಡಿಯನ್ನು ಸುಲಭವಾಗಿ ದಾಟುತ್ತದೆ. ಕಸದ ಬಗೆಗಿನ ತಿಳಿವಳಿಕೆ ಅಷ್ಟು ಸುಲಭವಾಗಿ ದಾಟುವುದಿಲ್ಲ.

ಮೂರು ಭಾಷೆ, ಮೂರು ವಿಂಗಡಣೆ

ನಮ್ಮ ಮುಖ್ಯ ವಾದ ಇಲ್ಲಿದೆ. ಕರ್ನಾಟಕದಲ್ಲಿ ಕಸವನ್ನು ‘ಹಸಿ’ ಮತ್ತು ‘ಒಣ’ ಎಂದು ವಿಂಗಡಿಸುತ್ತೇವೆ. ತಮಿಳುನಾಡಿನ ಬುಟ್ಟಿಗಳ ಮೇಲೆ ‘ಮಕ್ಕುಂ ಕುಪ್ಪೈ’, ‘ಮಕ್ಕಾದ ಕುಪ್ಪೈ’ ಎಂದಿರುತ್ತದೆ. ಎಂದರೆ ಕೊಳೆತು ಮಣ್ಣಾಗುವ ಕಸ ಮತ್ತು ಹಾಗೆ ಆಗದ ಕಸ. ಕೇರಳದಲ್ಲಿ ‘ಜೈವ ಮಾಲಿನ್ಯಂ’, ‘ಅಜೈವ ಮಾಲಿನ್ಯಂ’ ಎನ್ನುತ್ತಾರೆ. ಮೂರೂ ಒಂದೇ ಅರ್ಥದ ಮಾತುಗಳೆಂದು ನಾವು ಶಿಕ್ಷಕರು ಪಾಠ ಮಾಡಿಬಿಡುತ್ತೇವೆ. ಮಗುವಿನ ಕೈಗೆ ಒಂದೊಂದೇ ವಸ್ತು ಕೊಟ್ಟು ನೋಡಿದರೆ ಅವು ಒಂದೇ ಅಲ್ಲವೆಂದು ತಿಳಿಯುತ್ತದೆ.

ಹಳೆಯ ವೃತ್ತಪತ್ರಿಕೆಯನ್ನು ತೆಗೆದುಕೊಳ್ಳಿ. ಕನ್ನಡದ ಲೆಕ್ಕದಲ್ಲಿ ಅದು ಒಣ ಕಸ. ತಮಿಳಿನ ಪದದ ಅರ್ಥವನ್ನೇ ಹಿಡಿದರೆ ಕಾಗದ ಕೊಳೆಯುತ್ತದೆ, ಆದ್ದರಿಂದ ಅದು ‘ಮಕ್ಕುಂ’. ತೆಂಗಿನ ಕರಟ, ಒಣಗಿದ ಎಲೆ, ಹತ್ತಿಬಟ್ಟೆಯ ಚೂರುಗಳೂ ಹೀಗೆಯೇ: ಕೈಗೆ ಒಣ, ಕಾಲಕ್ರಮದಲ್ಲಿ ಕೊಳೆಯುವಂಥವು. ಬಳಸಿದ ಡೈಪರ್ ಇದಕ್ಕೆ ತಿರುಗುಮುರುಗು. ಮುಟ್ಟಿದರೆ ಹಸಿ, ವರ್ಷಗಟ್ಟಲೆ ಕೊಳೆಯದು. ಮೊಸರಿನ ಪ್ಯಾಕೆಟ್ ಒಳಗೆ ಹಸಿ, ಸ್ವಭಾವದಲ್ಲಿ ಪ್ಲಾಸ್ಟಿಕ್. ಮೊಟ್ಟೆಯ ಸಿಪ್ಪೆ ಮುಟ್ಟಲು ಒಣ, ಹೋಗಬೇಕಾದದ್ದು ಗೊಬ್ಬರಕ್ಕೆ. ‘ಹಸಿ’ ಎಂಬ ಪದ ಈಗಿನ ಸ್ಥಿತಿಯನ್ನು ಹೇಳುತ್ತದೆ. ‘ಮಕ್ಕುಂ’ ಎಂಬುದು ಮುಂದೆ ಏನಾಗುತ್ತದೆ ಎನ್ನುವುದನ್ನು ಹೇಳುತ್ತದೆ. ‘ಜೈವ’ ಎಂಬುದು ಎಲ್ಲಿಂದ ಬಂತು ಎನ್ನುವುದನ್ನು ಹೇಳುತ್ತದೆ. ಶಾಲೆಯಲ್ಲಿ ಒಂದನ್ನು ಕಲಿತು ಬೀದಿಯಲ್ಲಿ ಇನ್ನೊಂದನ್ನು ಕೇಳುವ ಮಗು ಗೊಂದಲಕ್ಕೆ ಬಿದ್ದರೆ ಅದು ಮಗುವಿನ ದಡ್ಡತನವಲ್ಲ.

ಕಾಸರಗೋಡಿನಲ್ಲಿ ಗೊಂದಲ ಇನ್ನೂ ಸೂಕ್ಷ್ಮವಾದದ್ದು. ಮಲಯಾಳದಲ್ಲಿ ‘ಮಾಲಿನ್ಯಂ’ ಎಂದರೆ ಕಸ. ಕನ್ನಡದಲ್ಲಿ ‘ಮಾಲಿನ್ಯ’ ಎಂದರೆ ಗಾಳಿ, ನೀರು ಕೆಡುವುದು. ‘ಮಾಲಿನ್ಯ ಮುಕ್ತಂ ನವ ಕೇರಳಂ’ ಎಂಬ ಘೋಷಣೆಯನ್ನು ಕನ್ನಡ ಮಾಧ್ಯಮದ ಮಗು ಕಾರ್ಖಾನೆಯ ಹೊಗೆಯ ವಿರುದ್ಧದ ಮಾತೆಂದು ಓದಿಕೊಳ್ಳಬಹುದು. ‘ಹರಿತ ಕರ್ಮ ಸೇನೆ’ಯ ‘ಹರಿತ’ ನಮ್ಮ ಆಡುಮಾತಿನಲ್ಲಿ ಚಾಕುವಿನ ಗುಣ. ಅಲ್ಲಿ ಅದರ ಅರ್ಥ ಹಸಿರು. ಪರಿಚಿತವೆಂದು ತೋರುವ ಪದವೇ ಹೆಚ್ಚು ದಾರಿ ತಪ್ಪಿಸುತ್ತದೆ. ಗೊತ್ತಿಲ್ಲದ ಪದದ ಅರ್ಥವನ್ನು ಮಗು ಕೇಳುತ್ತದೆ. ಗೊತ್ತಿದೆ ಎಂದುಕೊಂಡ ಪದದ ಅರ್ಥವನ್ನು ಕೇಳುವುದಿಲ್ಲ.

ವ್ಯವಸ್ಥೆಯೂ ಊರಿಂದ ಊರಿಗೆ ಬೇರೆ. ಕೇರಳದ ಪಂಚಾಯತುಗಳಲ್ಲಿ ಹಸಿ ಕಸವನ್ನು ಆದಷ್ಟು ಮನೆಯಲ್ಲಿಯೇ ಗೊಬ್ಬರ ಮಾಡಬೇಕು. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮುಂತಾದವನ್ನು ಹರಿತ ಕರ್ಮ ಸೇನೆಯ ಮಹಿಳೆಯರು ಬಂದು ಒಯ್ಯುತ್ತಾರೆ. ಅದಕ್ಕೆ ಮನೆಯವರು ತಿಂಗಳಿಗೆ 50 ರೂಪಾಯಿಯಂತೆ ಶುಲ್ಕ ಕೊಡಬೇಕು. ತಮಿಳುನಾಡಿನ ಪಟ್ಟಣಗಳಲ್ಲಿ ಸ್ವಚ್ಛತಾ ಕಾರ್ಮಿಕರು ಎರಡು ಬಗೆಯ ಕಸವನ್ನೂ ಬಾಗಿಲಿನಿಂದ ಪಡೆಯುತ್ತಾರೆ. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಕ್ರಮವನ್ನು ಕಡ್ಡಾಯಗೊಳಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಮುಂತಾದವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬೆಂಗಳೂರಿಗೆ ಸಿದ್ಧವಾದ ಕನ್ನಡ ಭಿತ್ತಿಪತ್ರವನ್ನು ತಂದು ತಾಳವಾಡಿಯ ಶಾಲೆಯ ಗೋಡೆಗೆ ಅಂಟಿಸಿದರೆ ಭಾಷೆ ನಮ್ಮದಾಗಿರುತ್ತದೆ, ಸೂಚನೆ ಮಾತ್ರ ಬೇರೆ ಊರಿನದಾಗಿರುತ್ತದೆ.

ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

ಹಾಗಾದರೆ ಪಾಠ ಹೇಗಿರಬೇಕು? ‘ಇದು ಹಸಿಯೋ ಒಣವೋ’ ಎಂದು ಕೇಳುವ ಬದಲು ‘ಇದು ನಮ್ಮ ಮನೆಯಿಂದ ಎಲ್ಲಿಗೆ ಹೋಗುತ್ತದೆ’ ಎಂದು ಕೇಳುವುದು ಉತ್ತಮ. ಉತ್ತರಗಳು ನಾಲ್ಕೇ: ಗೊಬ್ಬರಕ್ಕೆ, ಗುಜರಿಗೆ, ಸುತ್ತಿ ಗುರುತು ಮಾಡಿ ಕೊಡುವ ಪೊಟ್ಟಣಕ್ಕೆ, ಎಚ್ಚರಿಕೆಯ ಡಬ್ಬಿಗೆ. ಈ ನಾಲ್ಕು ದಾರಿಗಳು ಹೊಸ ನಿಯಮದ ನಾಲ್ಕು ಬಗೆಗಳಿಗೂ ಹೊಂದುತ್ತವೆ, ಮೂರು ಭಾಷೆಗಳಲ್ಲಿಯೂ ನಿಲ್ಲುತ್ತವೆ. ವೃತ್ತಪತ್ರಿಕೆ ಗುಜರಿಗೆ, ಮೊಟ್ಟೆಯ ಸಿಪ್ಪೆ ಗೊಬ್ಬರಕ್ಕೆ, ಡೈಪರ್ ಪೊಟ್ಟಣಕ್ಕೆ, ಅವಧಿ ಮೀರಿದ ಮಾತ್ರೆ ಡಬ್ಬಿಗೆ. ಅಜ್ಜಿಗೂ ಇದು ಕೂಡಲೇ ತಿಳಿಯುತ್ತದೆ. ಮುಸುರೆಯನ್ನು, ಕಲಗಚ್ಚನ್ನು ದನಕ್ಕೆ ಇಟ್ಟು, ಸಗಣಿ ಬೂದಿಗಳನ್ನು ತಿಪ್ಪೆಗೆ ಹಾಕಿ, ಹಳೆಯ ಪಾತ್ರೆಯನ್ನು ಕಂಚುಗಾರನಿಗೆ ಕೊಟ್ಟು ಬಾಳಿದ ತಲೆಮಾರು ಅದು. ‘ಎಲ್ಲಿಗೆ’ ಎಂಬ ಪ್ರಶ್ನೆಯಿಂದಲೇ ಅವರ ವಿಂಗಡಣೆ ನಡೆಯುತ್ತಿತ್ತು.

ತಿರುಪ್ಪೂರು ಕಡೆಯ ಮಕ್ಕಳಿಗೆ ಇದನ್ನು ಕಲಿಸಲು ಬನಿಯನ್ ಬಟ್ಟೆಯೇ ಸಾಕು. ಅಲ್ಲಿನ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಹತ್ತಿಯ ತುಂಡುಗಳು ಆ ಪ್ರದೇಶದ ಓಪನ್ ಎಂಡ್ ಗಿರಣಿಗಳಲ್ಲಿ ಮತ್ತೆ ನೂಲಾಗುತ್ತವೆ. ಬಣ್ಣಬಣ್ಣಕ್ಕೆ ಬೇರೆ ಮಾಡಿದ ತುಂಡಿಗೆ ಒಳ್ಳೆಯ ಬೆಲೆ, ಏಕೆಂದರೆ ಅದರಿಂದಾದ ನೂಲಿಗೆ ಮತ್ತೆ ಬಣ್ಣ ಹಾಕುವ ಕೆಲಸ ಕಡಿಮೆ. ಎಲ್ಲವೂ ಬೆರೆತ ರಾಶಿಗೆ ಬೆಲೆಯಿಲ್ಲ. ವಸ್ತು ಒಂದೇ, ವಿಂಗಡಣೆ ಅದನ್ನು ಸರಕಾಗಿಸುತ್ತದೆ, ಬೆರಕೆ ಅದನ್ನು ಕಸವಾಗಿಸುತ್ತದೆ. ಸಾರು ಸುರಿದ ಕಾಗದವನ್ನು ಗುಜರಿಯವನು ಮುಟ್ಟುವುದಿಲ್ಲ ಎಂಬುದೂ ಇದೇ ಪಾಠ.

ಹಣದ ಮಾತನ್ನು ಬಿಡದೆ ಕಲಿಸಬೇಕು. ನೀಲಗಿರಿ ಜಿಲ್ಲೆಯಲ್ಲಿ 2022ರ ಮೇ ತಿಂಗಳಿಂದ ಸರಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಅದನ್ನು ಹಿಂದಿರುಗಿಸುವ ಕ್ರಮ ಜಾರಿಗೆ ಬಂತು. ಕಾಡಿನಲ್ಲಿ ಒಡೆದ ಗಾಜು ಪ್ರಾಣಿಗಳ ಕಾಲು ಕೊಯ್ಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟ್‌ನ ಸೂಚನೆಯಂತೆ ಬಂದ ಈ ಕ್ರಮ ಬಳಿಕ ಕೊಯಮತ್ತೂರಿಗೂ ವಿಸ್ತರಿಸಿತು. ಉಪದೇಶ ಮಾಡದ ಕೆಲಸವನ್ನು ಹತ್ತು ರೂಪಾಯಿ ಮಾಡಿತು. ಅಭ್ಯಾಸವೆಂಬುದು ಅರಿವಿನಿಂದ ಮಾತ್ರ ಹುಟ್ಟುವುದಿಲ್ಲ. ಅನುಕೂಲದಿಂದಲೂ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕೇಳಿದರೆ ತಿಳಿಯದು, ತೂಗಿದರೆ ತಿಳಿಯುತ್ತದೆ

ಶಾಲೆಗಳಲ್ಲಿ ಕಸದ ಬಗ್ಗೆ ‘ಸಮೀಕ್ಷೆ’ ನಡೆಯುವುದುಂಟು. ‘ನಿಮ್ಮ ಮನೆಯಲ್ಲಿ ಕಸ ಬೇರ್ಪಡಿಸುತ್ತೀರಾ’ ಎಂದು ಮಕ್ಕಳು ಮನೆಮನೆಗೆ ಹೋಗಿ ಕೇಳುತ್ತಾರೆ. ಬಹುತೇಕ ಎಲ್ಲರೂ ‘ಹೌದು’ ಎನ್ನುತ್ತಾರೆ. ಶಾಲೆಯ ಮಗುವಿನ ಮುಂದೆ ‘ಇಲ್ಲ’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಇಂತಹ ಸಮೀಕ್ಷೆ ತಿಪ್ಪೆ ಸಾರಿಸುವ ಕೆಲಸವಷ್ಟೇ.

ಇದರ ಬದಲು ಪ್ರತಿ ವಿದ್ಯಾರ್ಥಿ ತನ್ನ ಮನೆಯ ಕಸದ ದಿನಚರಿಯನ್ನು ಎರಡು ವಾರ ಬರೆಯಲಿ. ತರಕಾರಿ ತೂಗುವ ಚಿಕ್ಕ ತಕ್ಕಡಿ ಸಾಕು. ದೊಡ್ಡವರೊಬ್ಬರು ಜೊತೆಗಿದ್ದು ಬುಟ್ಟಿಗಳನ್ನು ತೂಗಲಿ. ಮೊದಲ ಮೂರು ದಿನಗಳ ಲೆಕ್ಕವನ್ನು ಬದಿಗಿಡಬೇಕು, ಏಕೆಂದರೆ ಯಾರೋ ನೋಡುತ್ತಿದ್ದಾರೆಂಬ ಎಚ್ಚರ ಆಗ ಹೆಚ್ಚಿರುತ್ತದೆ. ಬಳಿಕ ಪ್ರತಿ ದಿನ ಗೊಬ್ಬರದ ಬುಟ್ಟಿಯಲ್ಲಿ ತಪ್ಪಾಗಿ ಬಿದ್ದ ವಸ್ತುಗಳೆಷ್ಟು, ಅವು ಯಾವುವು ಎಂದು ಗುರುತಿಸಬೇಕು. ಉದಾಹರಣೆಗೆ, 40 ವಸ್ತುಗಳಲ್ಲಿ 6 ತಪ್ಪಾಗಿ ಬಿದ್ದಿದ್ದರೆ ಬೆರಕೆಯ ಪ್ರಮಾಣ 15 ಶೇಕಡಾ. ಐದನೆಯ ತರಗತಿಯ ಗಣಿತಕ್ಕೆ ಇದು ಒಳ್ಳೆಯ ಲೆಕ್ಕ. ಯಾವ ವಸ್ತು ಹೆಚ್ಚು ಮನೆಗಳಲ್ಲಿ ತಪ್ಪು ಬುಟ್ಟಿಗೆ ಬಿದ್ದಿದೆಯೋ ಮುಂದಿನ ವಾರದ ಪಾಠ ಅದೇ. ಹೀಗೆ ಮಾಡಿದಾಗ ಪಾಠ ಪುಸ್ತಕದಿಂದ ಹುಟ್ಟದೆ ಮನೆಯಿಂದ ಹುಟ್ಟುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಬೀದಿಯ ಕಸವನ್ನು, ನೈರ್ಮಲ್ಯ ತ್ಯಾಜ್ಯವನ್ನು, ಒಡೆದ ಗಾಜನ್ನು ಮಕ್ಕಳ ಕೈಯಿಂದ ಮುಟ್ಟಿಸಬಾರದು. ಇನ್ನೊಂದು, ಈ ಕೆಲಸ ತರಗತಿಯ ಹೆಣ್ಣುಮಕ್ಕಳಿಗೋ, ಯಾವುದೋ ಒಂದು ಜಾತಿಯ ಮಕ್ಕಳಿಗೋ ಜಾರಿಹೋಗಬಾರದು. ಕಸವೆಂದರೆ ಯಾರೋ ಮಾಡಬೇಕಾದ ಕೆಲಸ ಎಂಬ ಭಾವನೆ ನಮ್ಮ ಸಮಾಜದ ಹಳೆಯ ರೋಗ. ಮನೆಯಲ್ಲಿಯೂ ವಿಂಗಡಣೆಯ ಹೊರೆ ತಾಯಿಯ ಮೇಲೆ ಮಾತ್ರ ಬಿದ್ದರೆ ಅದು ಅಭ್ಯಾಸವಾಗಿ ಉಳಿಯುವುದಿಲ್ಲ. ತಂದೆ ಎಸೆದದ್ದನ್ನು ತಾಯಿ ಹೆಕ್ಕುವ ಇನ್ನೊಂದು ದುಡಿಮೆಯಾಗುತ್ತದೆ. ಬೆರೆತ ಕಸದಲ್ಲಿ ಕೈಯಿಟ್ಟು ಬೇರ್ಪಡಿಸುವ ಕಾರ್ಮಿಕರೂ ನಮ್ಮಂತೆಯೇ ಮನುಷ್ಯರು ಎಂಬುದು ಈ ಪಾಠದ ಮೊದಲ ವಾಕ್ಯವಾಗಿರಬೇಕು.

ಗಾಡಿಯಲ್ಲಿ ಎಲ್ಲವೂ ಒಂದಾದರೆ?

ಹೆತ್ತವರ ಒಂದು ಆಕ್ಷೇಪ ನ್ಯಾಯವಾದದ್ದು. ‘ನಾವು ಬೇರ್ಪಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದಾಗಿಯೇ ಸುರಿಯುತ್ತಾರೆ, ಮತ್ತೆ ನಮಗೇಕೆ ಈ ಕಷ್ಟ?’ ಕಣ್ಣೆದುರೇ ತನ್ನ ಶ್ರಮ ವ್ಯರ್ಥವಾದುದನ್ನು ಕಂಡ ಮನೆ ಮೂರನೆಯ ದಿನ ಬೇರ್ಪಡಿಸುವುದನ್ನು ಬಿಡುತ್ತದೆ. ಇದಕ್ಕೆ ನೀತಿಬೋಧೆ ಉತ್ತರವಲ್ಲ. ಎರಡು ಉತ್ತರಗಳಿವೆ. ಮೊದಲನೆಯದು, ಹಸಿ ಕಸ ಮನೆಯಿಂದ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ತೂತು ಮಾಡಿದ ಒಂದು ಹಳೆಯ ಬಕೆಟ್ ಸಾಕು. ಒಂದು ಪದರ ಹಸಿ ಕಸ, ಅದರ ಮೇಲೆ ಅದು ಪೂರ್ತಿ ಮುಚ್ಚುವಷ್ಟು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆಯೆಂದು ತಿಳಿದು ಒಣಪದಾರ್ಥ ಸೇರಿಸಬೇಕು. ಸುಮಾರು ಎರಡು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಪೊಳ್ಳಾಚಿಯ ತೆಂಗಿನ ನಾಡಿಗೆ ಸಮೀಪದಲ್ಲಿರುವವರಿಗೆ ನಾರಿನ ಪುಡಿಗೆ ಬರವಿಲ್ಲ. ಹಸಿ ಕಸ ಮನೆಯಲ್ಲಿಯೇ ಉಳಿದರೆ ಉಳಿದದ್ದು ಗಾಡಿಯಲ್ಲಿ ಬೆರೆತರೂ ಕೊಳೆಯುವುದಿಲ್ಲ, ಆನೆಯನ್ನು ಕರೆಯುವುದಿಲ್ಲ.

ಎರಡನೆಯದು, ದಾಖಲೆ. ಗಾಡಿ ಬಂದ ದಿನ, ಸಮಯ, ಎರಡು ಬಗೆಯ ಕಸವನ್ನು ಬೇರೆಯಾಗಿ ಪಡೆದರೋ ಇಲ್ಲವೋ ಎಂಬುದನ್ನು ಮಕ್ಕಳ ದಿನಚರಿಯಲ್ಲಿಯೇ ಬರೆಯಬಹುದು. ಮೂವತ್ತು ಮನೆಗಳ ಎರಡು ವಾರಗಳ ದಾಖಲೆಯನ್ನು ರಕ್ಷಕ–ಶಿಕ್ಷಕ ಸಂಘದ ಮೂಲಕ ಸ್ಥಳೀಯ ಆಡಳಿತಕ್ಕೆ ಕೊಟ್ಟರೆ ಅದನ್ನು ಗೊಣಗಾಟವೆಂದು ತಳ್ಳಿಹಾಕಲಾಗದು. ನಾಗರಿಕರ ಹಟದಿಂದಲೇ ಈ ಕಾನೂನುಗಳು ಹುಟ್ಟಿವೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿಯೇ ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳು 2000ದಲ್ಲಿ ಬಂದವು.

ಭಾಷೆಯ ಹಕ್ಕು ಮತ್ತು ನಮ್ಮ ಪಾಲು

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರಮಾಣ 15 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿರುವ ಪ್ರದೇಶಗಳಲ್ಲಿ ಮುಖ್ಯ ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿದ ರಕ್ಷಣೆಗಳಲ್ಲಿ ಒಂದು. ದಂಡ ಮತ್ತು ಶುಲ್ಕ ಎರಡನ್ನೂ ಹೊತ್ತು ತರುವ ಕಸದ ನಿಯಮ ಖಂಡಿತವಾಗಿ ಮುಖ್ಯ ಸೂಚನೆಯೇ. ತಾಳವಾಡಿಯಲ್ಲಿಯೂ ಕಾಸರಗೋಡಿನ ಕನ್ನಡ ಪ್ರದೇಶದಲ್ಲಿಯೂ ನಾವು ಇದನ್ನು ಹಕ್ಕಾಗಿ ಕೇಳಬೇಕು: ಬುಟ್ಟಿಯ ಮೇಲಿನ ಬರಹ, ಕರಪತ್ರ, ಶುಲ್ಕದ ರಶೀದಿ, ದಂಡದ ನೋಟಿಸು ಕನ್ನಡದಲ್ಲಿಯೂ ಇರಲಿ.

ಕನ್ನಡಿಗರು ಚದುರಿ ನೆಲೆಸಿರುವ ಪೆರಿಯನಾಯಕನಪಾಳ್ಯಂನಂತಹ ಊರುಗಳಲ್ಲಿ ಈ ಆಸರೆ ಸಿಗುವುದು ಕಷ್ಟ. ಅಲ್ಲಿ ಮಗುವೇ ದುಭಾಷಿ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯಿಂದಾಗಿ ನಮ್ಮ ಮಕ್ಕಳು ತಮಿಳನ್ನು ಓದಬಲ್ಲರು. ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸಬಲ್ಲರು. ಎರಡು ಭಾಷೆಯ ಹೊರೆ ಎಂದು ನಾವು ಕೊರಗುವ ಸ್ಥಿತಿಯೇ ಇಲ್ಲಿ ಬಲವಾಗುತ್ತದೆ. ‘ಮಕ್ಕುಂ’ ಮತ್ತು ‘ಹಸಿ’ ಏಕೆ ಒಂದೇ ಅಲ್ಲವೆಂದು ವಿವರಿಸಬಲ್ಲ ಮಗು ಎರಡು ಭಾಷೆಗಳನ್ನೂ, ಕಸದ ವಿಜ್ಞಾನವನ್ನೂ ಒಟ್ಟಿಗೆ ಕಲಿತಿರುತ್ತದೆ.

ಮುಂದಿನ ರಕ್ಷಕ–ಶಿಕ್ಷಕ ಸಭೆಯಲ್ಲಿ ಮೂರು ವಿಷಯ ಕೇಳಿ: ನಮ್ಮ ಶಾಲೆಯ ಭಿತ್ತಿಪತ್ರ ನಮ್ಮ ಪಂಚಾಯತಿನ ವ್ಯವಸ್ಥೆಗೆ ಹೊಂದುತ್ತದೆಯೇ? ಮಕ್ಕಳ ಕಸದ ದಿನಚರಿಯನ್ನು ಯಾವ ತರಗತಿಯಿಂದ ಆರಂಭಿಸೋಣ? ಕನ್ನಡದ ಸೂಚನೆಗಾಗಿ ಮನವಿ ಯಾರ ಸಹಿಯಿಂದ ಹೋಗಬೇಕು? ಕನ್ನಡ ಶಾಲೆ ಉಳಿಯಬೇಕೆಂದು ವರ್ಷಗಳಿಂದ ಹೋರಾಡುತ್ತಿದ್ದೇವೆ. ಆ ಶಾಲೆಯಲ್ಲಿ ಕಲಿತ ಮಾತು ಮನೆಯ ಬುಟ್ಟಿಯವರೆಗೆ ತಲುಪುತ್ತದೆಯೆಂದು ತೋರಿಸಿಕೊಟ್ಟರೆ, ನಮ್ಮ ಹೋರಾಟಕ್ಕೆ ಅದಕ್ಕಿಂತ ಗಟ್ಟಿಯಾದ ವಾದ ಬೇರೆ ಬೇಡ.